ಕಪ್ಪುಕಲ್ಲಿನ ಕಸುಬು

ಬಳ್ಳಾರಿ ಸೀಮೆಯ ಗುಡ್ಡಗಳು ದೂರದಿಂದ ನೋಡುವವರಿಗೆ ಹೆಚ್ಚುಕಡಿಮೆ ಒಂದೇ ಥರ. ಸುತ್ತ ಬಯಲು, ನಡುವೆ ಒಂದರ ಮೇಲೊಂದು ಪೇರಿದ ಗ್ರಾನೈಟ್ ಬಂಡೆಗಳು, ಸಂದಿಗಳಲ್ಲಿ ಮುಳ್ಳುಗಂಟಿ. ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ ಊರುಗಳ ಬಳಿ ಇರುವ ಹಿರೇಗುಡ್ಡವೂ ಹಾಗೆಯೇ ಕಾಣುತ್ತದೆ. ಹತ್ತಿರ ಹೋದಾಗ ಮಾತ್ರ ಅದರ ಮೈಮೇಲೆ ಹಾದುಹೋದ ಕಪ್ಪು ಪಟ್ಟಿಯೊಂದು ಗಮನಕ್ಕೆ ಬರುತ್ತದೆ. ಬೂದು, ನಸುಗೆಂಪು ಬಣ್ಣದ ಗ್ರಾನೈಟಿನ ನಡುವೆ ಕಡುಕಂದು, ಕಪ್ಪು ಬಣ್ಣದ ಬಂಡೆಗಳ ಸಾಲು ಅದು. ಕೋಟ್ಯಂತರ ವರ್ಷಗಳ ಹಿಂದೆ ಗ್ರಾನೈಟ್ ಬಿರುಕು ಬಿಟ್ಟಾಗ ಭೂಮಿಯ ಒಳಗಿನ ಕಾದ ಶಿಲಾರಸ ಆ ಬಿರುಕಿಗೆ ನುಗ್ಗಿತು, ಅಲ್ಲೇ ಆರಿ ಗಟ್ಟಿಯಾಯಿತು. ಹೀಗೆ ಬಂಡೆಯನ್ನು ಸೀಳಿಕೊಂಡು ಗೋಡೆಯಂತೆ ನಿಂತ ಶಿಲೆಗೆ ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ. ಇಲ್ಲಿಯ ಡೈಕಿನ ಕಲ್ಲಿನ ಹೆಸರು ಡೋಲರೈಟ್.

ಈ ಕಪ್ಪುಕಲ್ಲಿನಿಂದ ಸುಮಾರು ಮೂರೂವರೆ, ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿಯ ಜನ ಕೊಡಲಿ ಮಾಡಿದರು. ಇದೇ ಕಲ್ಲಿನ ಮೇಲೆ ಗೂಳಿಗಳನ್ನು, ಮನುಷ್ಯರನ್ನು ಕುಟ್ಟಿ ಬಿಡಿಸಿದರು. ಇದೇ ಕಲ್ಲನ್ನು ಬಡಿದು ನಾದ ಹೊರಡಿಸಿದರು. ಕೊಡಲಿಗೆ ಉಪಕರಣ, ಚಿತ್ರಕ್ಕೆ ಕಲೆ, ನಾದಕ್ಕೆ ಸಂಗೀತ ಎಂದು ನಾವು ಈಗ ಬೇರೆ ಬೇರೆ ಹೆಸರು ಇಟ್ಟಿದ್ದೇವೆ. ಆದರೆ ಮೂರರಲ್ಲೂ ಇರುವ ಕ್ರಿಯೆ ಒಂದೇ: ಕಲ್ಲಿನಿಂದ ಕಲ್ಲನ್ನು ಬಡಿಯುವುದು. ಆ ಒಂದು ಬಡಿತವನ್ನು ನಿಧಾನವಾಗಿ ಬಿಡಿಸಿ ನೋಡಿದರೆ, ಅದರಲ್ಲಿ ಎಷ್ಟು ತಿಳಿವಳಿಕೆ ಅಡಗಿತ್ತು ಎಂಬುದು ಅರ್ಥವಾಗುತ್ತಾ ಹೋಗುತ್ತದೆ.

ಮೊದಲು ಆ ಜನರ ಬಗ್ಗೆ ಎರಡು ಮಾತು. ಪುರಾತತ್ವಜ್ಞರು ಅವರ ಕಾಲವನ್ನು ನವಶಿಲಾಯುಗ ಎಂದು ಕರೆಯುತ್ತಾರೆ. ಬೇಟೆ, ಸಂಗ್ರಹಣೆಯ ಬದುಕಿನಿಂದ ಬೇಸಾಯ, ಪಶುಪಾಲನೆಯ ಕಡೆ ಬಂದ ಜನರ ಕಾಲ ಅದು. ಇಲ್ಲಿಯ ಮಣ್ಣಿನಲ್ಲಿ ಸಿಕ್ಕ ಸುಟ್ಟ ಕಾಳುಗಳನ್ನು ಸಸ್ಯಪುರಾತತ್ವಜ್ಞ ಡೋರಿಯನ್ ಫುಲ್ಲರ್ ಅಭ್ಯಾಸ ಮಾಡಿದ್ದಾರೆ. ಹುರುಳಿ, ಹೆಸರು, ಕೊರಲೆ ಇಲ್ಲಿಯ ಜನರ ಮುಖ್ಯ ಬೆಳೆಗಳು. ಇಂದಿಗೂ ನಮ್ಮ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಧಾನ್ಯಗಳೇ. ದನ, ಕುರಿ, ಆಡುಗಳನ್ನು ಸಾಕಿದ್ದರು. ದನಗಳ ಸಗಣಿಯನ್ನು ಒಂದೆಡೆ ಒಟ್ಟಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಆದ ದೊಡ್ಡ ಬೂದಿದಿಬ್ಬಗಳು ಈ ಸೀಮೆಯಲ್ಲಿ ಹಲವು ಇವೆ; ಕುಡತಿನಿಯದು ಹೆಸರುವಾಸಿ. ಹಿರೇಗುಡ್ಡದ ನೆರೆಯ ಸಣ್ಣರಸಮ್ಮನ ಗುಡ್ಡದ ಮೇಲೆಯೂ ಅವರು ವಾಸವಾಗಿದ್ದರು.

ಕೊಡಲಿಗೆ ಡೋಲರೈಟೇ ಏಕೆ? ಗ್ರಾನೈಟಿಗೆ ಇಲ್ಲಿ ಬರವಿಲ್ಲ, ಕಾಲಿಟ್ಟಲ್ಲೆಲ್ಲ ಅದೇ. ಆದರೆ ಗ್ರಾನೈಟಿನ ಹರಳುಗಳು ದಪ್ಪ. ಬಡಿದರೆ ಒಡೆತ ಹರಳಿನ ಅಂಚು ಹಿಡಿದು ಅಂಕುಡೊಂಕಾಗಿ ಓಡುತ್ತದೆ, ಇಲ್ಲವೇ ಪುಡಿಯಾಗುತ್ತದೆ. ಹರಿತವಾದ ಬಾಯಿ ಬರುವುದಿಲ್ಲ. ಡೋಲರೈಟಿನ ಹರಳುಗಳು ಸಣ್ಣವು, ಒಂದಕ್ಕೊಂದು ಹೆಣೆದುಕೊಂಡವು. ಕಲ್ಲು ತೂಕವಾಗಿದೆ, ಬಿಗಿಯಾಗಿದೆ. ಬಡಿತದ ಬಲ ಅದರೊಳಗೆ ನೇರವಾಗಿ ಹರಿಯುತ್ತದೆ, ಹೀಗಾಗಿ ಒಡೆತವನ್ನು ಬೇಕಾದ ಕಡೆ ತಿರುಗಿಸಬಹುದು. ಜೊತೆಗೆ ಅದು ಗಾಜಿನಷ್ಟು ಪೆಡಸಲ್ಲ. ಮರ ಕಡಿಯುವ ಕೊಡಲಿಗೆ ಹರಿತದಷ್ಟೇ ಸಹನೆಯೂ ಬೇಕು, ಸಾವಿರ ಏಟು ತಡೆದುಕೊಳ್ಳಬೇಕು. ಎರಡೂ ಗುಣ ಒಟ್ಟಿಗೆ ಇರುವ ಕಲ್ಲು ಅಪರೂಪ. ಹಿರೇಗುಡ್ಡದ ಜನ ಅದನ್ನು ತಮ್ಮ ಮನೆಬಾಗಿಲಲ್ಲೇ ಗುರುತಿಸಿದ್ದರು.

ಗುರುತಿಸಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಬಿಸಿಲು, ಮಳೆಗೆ ಮೈಯೊಡ್ಡಿದ ಡೋಲರೈಟಿನ ಹೊರಪದರ ಸವೆದು ಮೆತ್ತಗಾಗಿರುತ್ತದೆ. ಒಳಗೆ ಕಣ್ಣಿಗೆ ಕಾಣದ ಸೀಳು ಇರಬಹುದು. ಸೀಳಿರುವ ಕಲ್ಲಿನ ಮೇಲೆ ಅರ್ಧ ದಿನ ದುಡಿದು ಕೊನೆಯ ಏಟಿಗೆ ಅದು ಎರಡು ಹೋಳಾದರೆ ದುಡಿಮೆಯೆಲ್ಲ ವ್ಯರ್ಥ. ಕಲ್ಲಿನ ಒಳಗನ್ನು ಒಡೆಯದೆ ತಿಳಿಯುವ ದಾರಿ ಒಂದೇ, ತಟ್ಟಿ ಕೇಳುವುದು. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಣ್ಣುಮಗಳು ಬೆರಳಿನಿಂದ ತಟ್ಟಿ ನೋಡುವಂತೆಯೇ ಇದು. ಬಿಗಿಯಾದ ಕಲ್ಲು ಖಣ್ ಎನ್ನುತ್ತದೆ, ಸೀಳಿದ್ದು ಬೊದ್ದು ದನಿ ಕೊಡುತ್ತದೆ. ಇಂದಿಗೂ ಕಲ್ಲಿನಲ್ಲಿ ಉಪಕರಣ ಮಾಡಿ ನೋಡುವ ಸಂಶೋಧಕರು ಮೊದಲು ಮಾಡುವುದು ಇದನ್ನೇ. ಕಿವಿಯ ಈ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಇನ್ನು ಕೆಲಸ. ಆಯ್ದ ತುಂಡನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಬಡಿಗಲ್ಲಿನಿಂದ ಅಂಚಿಗೆ ಏಟು ಕೊಡಬೇಕು. ಏಟು ಬಿದ್ದಲ್ಲಿ ಕಲ್ಲು ಪುಡಿಯಾಗಬಾರದು, ಎದುರು ಮೈಯಿಂದ ತೆಳ್ಳನೆಯ ಚಕ್ಕೆ ಏಳಬೇಕು. ಅಂಚಿನ ಕೋನ ಲಂಬಕೋನಕ್ಕಿಂತ ಕಡಿಮೆ ಇದ್ದರೆ ಮಾತ್ರ ಇದು ಸಾಧ್ಯ. ಏಟು ಅಂಚಿಗೆ ತೀರ ಹತ್ತಿರ ಬಿದ್ದರೆ ಅಂಚು ಮುರಿಯುತ್ತದೆ. ತೀರ ಒಳಗೆ ಬಿದ್ದರೆ ಬಲ ಕಲ್ಲಿನಲ್ಲೇ ಸತ್ತುಹೋಗಿ ಚಕ್ಕೆ ಅರ್ಧದಲ್ಲಿ ಮುರಿದು ಮೆಟ್ಟಿಲಿನಂಥ ಏಣು ಉಳಿಯುತ್ತದೆ. ಆ ಏಣನ್ನು ತೆಗೆಯಲು ಎದುರು ದಿಕ್ಕಿನಿಂದ ಇನ್ನೊಂದು ಚಕ್ಕೆ ಎಬ್ಬಿಸಬೇಕು, ಅದಕ್ಕೆ ಮೊದಲು ಆ ಕಡೆಯ ಅಂಚನ್ನು ಸಿದ್ಧಪಡಿಸಬೇಕು. ಅಂದರೆ ಪ್ರತಿ ಏಟಿನ ಹಿಂದೆ ಮುಂದಿನ ಎರಡು ಮೂರು ಏಟುಗಳ ಲೆಕ್ಕ ಇರುತ್ತದೆ. ಇದು ಕಳೆಯುವ ಕಸುಬು. ತೆಗೆದದ್ದನ್ನು ಮತ್ತೆ ಅಂಟಿಸುವಂತಿಲ್ಲ.

ಹೀಗೆ ಎರಡೂ ಮೈಗಳಿಂದ ಸರದಿಯಂತೆ ಚಕ್ಕೆ ಎತ್ತುತ್ತಾ ಹೋದಾಗ ಕಲ್ಲು ನಿಧಾನವಾಗಿ ತ್ರಿಕೋನದ ಆಕಾರಕ್ಕೆ ಬರುತ್ತದೆ. ಒಂದು ತುದಿ ಕಿರಿದು, ಕಾವಿಗೆ ಸೇರುವ ಭಾಗ. ಇನ್ನೊಂದು ತುದಿ ಅಗಲ, ಕೊಡಲಿಯ ಬಾಯಿ. ನಡುವೆ ದಪ್ಪ, ಅಂಚುಗಳ ಕಡೆ ತೆಳು. ಈ ಹಂತದಲ್ಲಿ ಮೈ ತುಂಬ ಚಕ್ಕೆ ಎದ್ದ ಗುಳಿಗಳು, ಅವುಗಳ ನಡುವೆ ಏಣುಗಳು.

ಎರಡನೆಯ ಹಂತ ಜಜ್ಜುವುದು. ಇಲ್ಲಿ ಬಡಿತದ ಸ್ವಭಾವವೇ ಬದಲಾಗುತ್ತದೆ. ಅಂಚಿಗೆ ಓರೆಯಾಗಿ ಬೀಳುತ್ತಿದ್ದ ಏಟು ಈಗ ಮೈಗೆ ನೇರವಾಗಿ, ಹಗುರವಾಗಿ, ಒಂದೇ ಲಯದಲ್ಲಿ ಬೀಳುತ್ತದೆ. ಚಕ್ಕೆ ಏಳುವುದಿಲ್ಲ; ಪ್ರತಿ ಏಟಿಗೆ ಒಂದಿಷ್ಟು ಹರಳು ಪುಡಿಯಾಗಿ ಉದುರುತ್ತದೆ. ಸಾವಿರಾರು ಏಟುಗಳಲ್ಲಿ ಏಣುಗಳು ತಗ್ಗಿ ಮೈ ಒಂದೇ ಸಮನಾಗುತ್ತದೆ. ಏಟು ಜೋರಾದರೆ ತೆಳ್ಳಗಿನ ಕೊಡಲಿ ಅಡ್ಡಲಾಗಿ ಮುರಿಯುತ್ತದೆ, ಮೆಲ್ಲಗಾದರೆ ಕೆಲಸ ಸಾಗುವುದಿಲ್ಲ. ಎಷ್ಟು ಬಲ ಎಂಬುದನ್ನು ಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ, ಅದನ್ನು ಮಣಿಕಟ್ಟು ಕಲಿಯಬೇಕು.

ಕೊನೆಗೆ ಉಜ್ಜುವುದು ಮತ್ತು ನಯ ಮಾಡುವುದು. ಇದಕ್ಕೆ ಗ್ರಾನೈಟೇ ಬೇಕು. ಉಪಕರಣಕ್ಕೆ ಒಗ್ಗದ ಅದರ ಒರಟುತನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬಂಡೆಯ ಮೇಲೆ ನೀರು ಹಾಕಿ, ಮರಳು ಹಾಕಿ, ಕೊಡಲಿಯ ಬಾಯಿಯನ್ನು ಹಿಂದಕ್ಕೂ ಮುಂದಕ್ಕೂ ಗಂಟೆಗಟ್ಟಲೆ ಉಜ್ಜಬೇಕು. ಹಾಗೆ ಉಜ್ಜಿ ಉಜ್ಜಿ ಬಂಡೆಯಲ್ಲಿ ಉದ್ದನೆಯ ನುಣುಪಾದ ತಗ್ಗುಗಳು ಬಿದ್ದಿವೆ. ಹಿರೇಗುಡ್ಡದ ಮೇಲೆ ಅವು ಈಗಲೂ ಇವೆ. ಬರಿಗೈ ಇಟ್ಟು ಸವರಿದರೆ ಸುತ್ತಲಿನ ಬಂಡೆಗೂ ತಗ್ಗಿನ ಒಳಮೈಗೂ ಇರುವ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಒಂದು ಪೀಳಿಗೆಯ ಕೆಲಸದಿಂದ ಇಷ್ಟು ಸವೆತ ಆಗಿರಲಾರದು ಎಂದೇ ನನಗೆ ತೋರುತ್ತದೆ.

ಈ ಕ್ರಮವನ್ನು ಮೊದಲು ಗುರುತಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ಅವರು 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಕಂಡುಹಿಡಿದು ಹೆಸರಾದವರು. 1872ರಲ್ಲಿ ಬಳ್ಳಾರಿ ಸೀಮೆಯ ಶಿಲೆಗಳನ್ನು ಪರಿಶೀಲಿಸುತ್ತಾ ಈ ಗುಡ್ಡಗಳಿಗೆ ಬಂದರು. ಚಕ್ಕೆಗಳ ರಾಶಿ, ಅರ್ಧಕ್ಕೆ ಬಿಟ್ಟ ಕೊಡಲಿ, ಮುರಿದದ್ದು, ಪೂರ್ತಿ ನಯವಾದದ್ದು ಎಲ್ಲವೂ ಒಂದೇ ಕಡೆ ಸಿಕ್ಕಿದ್ದರಿಂದ, ಇದು ಕೊಡಲಿಗಳ ಕಾರ್ಖಾನೆ ಎಂದು ಅವರು ಗ್ರಹಿಸಿದರು. ಅವರ ಸಂಗ್ರಹವನ್ನು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಕೊಂಡಿತು. ಆಮೇಲೆ ಪುರಾತತ್ವಜ್ಞ ಬಿ. ಸುಬ್ಬರಾವ್ ಇಲ್ಲಿ ಉತ್ಖನನ ನಡೆಸಿ 1948ರಲ್ಲಿ ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳ ಕುರಿತು ಪುಸ್ತಕ ತಂದರು. 1964-65ರಲ್ಲಿ ಝಡ್.ಡಿ. ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಮತ್ತೆ ಅಗೆದರು. ಈ ಶತಮಾನದ ಆರಂಭದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್, ಫುಲ್ಲರ್ ಮೊದಲಾದವರ ತಂಡ ಇಲ್ಲಿ ವಿಸ್ತಾರವಾಗಿ ಕೆಲಸ ಮಾಡಿತು. ಕ್ರಿ.ಪೂ. 1400ರ ಆಸುಪಾಸಿನಿಂದ ಹಿರೇಗುಡ್ಡದಲ್ಲಿ ಕೊಡಲಿ ತಯಾರಿಕೆ ಬಹಳ ಹೆಚ್ಚಿತು ಎಂಬುದು ಆಗ ಸ್ಪಷ್ಟವಾಯಿತು.

ಫೂಟ್ ಅವರಿಗೆ ಮುರಿದ ಕೊಡಲಿಗಳೇ ಹೆಚ್ಚು ಕಲಿಸಿದವು ಎಂದು ಹೇಳಬೇಕು. ಪೂರ್ತಿಯಾದ ಕೊಡಲಿ ತನ್ನ ಹುಟ್ಟಿನ ಗುರುತನ್ನೆಲ್ಲ ಅಳಿಸಿಕೊಂಡಿರುತ್ತದೆ. ನಯ ಎಂದರೆ ಅದೇ. ಅರ್ಧಕ್ಕೆ ನಿಂತದ್ದರ ಮೇಲೆ ಕೊನೆಯ ಏಟು ಎಲ್ಲಿ ಬಿತ್ತು, ಯಾಕೆ ತಪ್ಪಿತು ಎಂಬುದು ಉಳಿದಿರುತ್ತದೆ. ಚಕ್ಕೆಯೂ ಹಾಗೆಯೇ. ಏಟು ಬಿದ್ದ ಜಾಗದ ಕೆಳಗೆ ಒಂದು ಸಣ್ಣ ಉಬ್ಬು, ಅಲ್ಲಿಂದ ಹರಡಿದ ಅಲೆಗೆರೆಗಳು ಅದರ ಮೈಮೇಲೆ ಇರುತ್ತವೆ. ತಿಳಿದವರು ಒಂದು ಚಕ್ಕೆಯನ್ನು ಕೈಗೆತ್ತಿಕೊಂಡು ಬಡಿತ ಯಾವ ದಿಕ್ಕಿನಿಂದ ಬಂತು, ಎಷ್ಟು ಜೋರಾಗಿತ್ತು, ಅದಕ್ಕೆ ಮುಂಚೆ ಅದೇ ಜಾಗದಿಂದ ಎಷ್ಟು ಚಕ್ಕೆ ಎದ್ದಿದ್ದವು ಎಂದು ಹೇಳಬಲ್ಲರು. ಹೀಗೆ ಓದಲು ಅವರು ಕಲಿತದ್ದೂ ಪುಸ್ತಕದಿಂದ ಮಾತ್ರವಲ್ಲ. ಫ್ರಾನ್ಸಿನ ಫ್ರಾನ್ಸ್ವಾ ಬೋರ್ಡ್, ಅಮೆರಿಕದ ಡಾನ್ ಕ್ರಾಬ್‌ಟ್ರೀ ಕಳೆದ ಶತಮಾನದ ಮಧ್ಯಭಾಗದಲ್ಲಿ ತಾವೇ ಕಲ್ಲು ಬಡಿದು, ಬೆರಳು ಕುಯ್ದುಕೊಂಡು, ಪ್ರಾಚೀನ ಉಪಕರಣಗಳನ್ನು ಮತ್ತೆ ಮಾಡಿದರು. ಮಾಡಿದ ಮೇಲೆಯೇ ಹಳೆಯ ಕಲ್ಲುಗಳ ಮೇಲಿನ ಎಷ್ಟೋ ಗುರುತುಗಳಿಗೆ ಅರ್ಥ ಸಿಕ್ಕಿತು. ಮ್ಯೂಸಿಯಂನ ಬೀರುಗಳಲ್ಲಿ ಅವೇ ಗುರುತುಗಳನ್ನು ಹತ್ತಾರು ವರ್ಷ ನೋಡುತ್ತಿದ್ದವರ ಕಣ್ಣಿಗೆ ಅವು ಬಿದ್ದಿರಲಿಲ್ಲ.

ತತ್ವಜ್ಞಾನದಲ್ಲಿ ಇದೊಂದು ಹಳೆಯ ಪ್ರಶ್ನೆ: ತಿಳಿದು ಮಾಡುತ್ತೇವೆಯೋ, ಮಾಡಿ ತಿಳಿಯುತ್ತೇವೆಯೋ? ಸಾಮಾನ್ಯವಾಗಿ ನಾವು ಅರಿವಿಗೆ ಮೊದಲ ಸ್ಥಾನ ಕೊಟ್ಟು, ಕೈಗೆಲಸವನ್ನು ಆ ಅರಿವಿನ ಪಾಲನೆ ಎಂದು ಎಣಿಸುತ್ತೇವೆ. ಆದರೆ ಕಲ್ಲಿನ ಒಳಗಿನ ಸೀಳು, ಬಲ ಹರಿಯುವ ದಾರಿ, ಮುರಿಯುವ ಮತ್ತು ಉಳಿಯುವ ಗಡಿ ಇವು ಬಡಿಯುವ ಮೊದಲು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲು ಬೇರೆ ದಾರಿಯೂ ಇರಲಿಲ್ಲ. ಹಿರೇಗುಡ್ಡದ ಕಸುಬುದಾರನಿಗೆ ಬಡಿತವೇ ಪ್ರಶ್ನೆ, ಕಲ್ಲು ಒಡೆದ ರೀತಿಯೇ ಉತ್ತರ. ನನಗೆ ಇದರಲ್ಲಿ ಬೆರಗು ಹುಟ್ಟಿಸುವುದು, ಅವನು ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದು. ಕೊಡಲಿಗೆ ಬೇಕಾದಷ್ಟು ತಿಳಿದ ಮೇಲೂ ಅವನು, ಅಥವಾ ಅವನ ಬಳಗದವರು, ಅದೇ ಕಲ್ಲನ್ನು ಇನ್ನೂ ಕೇಳುತ್ತಾ ಹೋದರು.

ಡೈಕಿನ ಕಪ್ಪು ಬಂಡೆಗಳ ಮೇಲೆ ಇರುವ ಚಿತ್ರಗಳು ಆ ಕೇಳುವಿಕೆಯ ಫಲ. ಬಣ್ಣ ಬಳಿದ ಚಿತ್ರಗಳಲ್ಲ, ಕುಟ್ಟಿದ ಚಿತ್ರಗಳು. ವರ್ಷಗಟ್ಟಲೆ ಬಯಲಲ್ಲಿದ್ದ ಡೋಲರೈಟಿನ ಮೇಲೆ ಕಪ್ಪನೆಯ ತೆಳುಪೊರೆ ಕಟ್ಟಿರುತ್ತದೆ. ಅದನ್ನು ಚಿಕ್ಕ ಕಲ್ಲಿನಿಂದ ಜಜ್ಜಿದರೆ ಪೊರೆ ಕಳಚಿ ಒಳಗಿನ ತಿಳಿ ಬಣ್ಣ ಬಯಲಾಗುತ್ತದೆ. ಒತ್ತೊತ್ತಾಗಿ ಜಜ್ಜಿದ ಚುಕ್ಕಿಗಳೇ ಸೇರಿ ಗೆರೆ, ಗೆರೆ ತುಂಬಿ ಮೈ. ಕೊಡಲಿಯ ಎರಡನೆಯ ಹಂತದಲ್ಲಿ ಕಂಡ ಅದೇ ನೇರ, ಹಗುರ, ಲಯದ ಏಟು ಇಲ್ಲಿಯೂ ಇದೆ. ಅಲ್ಲಿ ಏಣನ್ನು ಅಳಿಸುತ್ತಿದ್ದ ಏಟು ಇಲ್ಲಿ ಆಕಾರವನ್ನು ಬರೆಯುತ್ತದೆ. ಕೊಡಲಿ ಮಾಡಿ ಪಳಗಿದ ಮಣಿಕಟ್ಟಿಗೆ ಈ ಕೆಲಸ ಹೊಸದಾಗಿರಲಿಲ್ಲ. ಇಲ್ಲಿ ಸಿಕ್ಕ ಕೆಲವು ಕಲ್ಲಿನ ಉಪಕರಣಗಳ ಮೇಲೂ ಕೊರೆದ ಗುರುತುಗಳಿವೆ. ಕೊಡಲಿಯ ಕೆಲಸಕ್ಕೂ ಚಿತ್ರದ ಕೆಲಸಕ್ಕೂ ನಡುವೆ ಗೋಡೆ ಇರಲಿಲ್ಲ ಎಂಬ ಮಾತಿಗೆ ಅವು ಬಲ ಕೊಡುತ್ತವೆ.

ಕಾಲ ಕಳೆದಂತೆ ಜಜ್ಜಿದ ಜಾಗವೂ ಮತ್ತೆ ಕಪ್ಪಾಗುತ್ತದೆ. ಆದ್ದರಿಂದ ತೀರ ಹಳೆಯ ಚಿತ್ರ ಬಂಡೆಯ ಬಣ್ಣಕ್ಕೇ ತಿರುಗಿ, ಓರೆ ಬಿಸಿಲಿನಲ್ಲಷ್ಟೇ ಕಾಣುತ್ತದೆ. ಈಚಿನದು ಬಿಳುಪಾಗಿ ಎದ್ದು ತೋರುತ್ತದೆ. ಒಂದರ ಮೇಲೊಂದು ಬಿದ್ದ ಚಿತ್ರಗಳನ್ನು ವಿದ್ವಾಂಸರು ಹಿಂದುಮುಂದಾಗಿ ಜೋಡಿಸುವಾಗ ಈ ಬಣ್ಣದ ಅಂತರವೂ ನೆರವಾಗುತ್ತದೆ.

ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ದನಗಳು. ಉದ್ದ ಕೊಂಬು, ಎದ್ದ ಡುಬ್ಬ, ತೆಳ್ಳನೆಯ ಮೈ. ಜೊತೆಗೆ ಮನುಷ್ಯರು, ಕೆಲವರು ಬಿಲ್ಲು ಹಿಡಿದವರು, ಕೆಲವರು ಸಾಲಾಗಿ ನಿಂತವರು. ದನದ ಚಿತ್ರವನ್ನು ಸ್ವಲ್ಪ ಹೊತ್ತು ನೋಡಬೇಕು. ಮೈ ಪಕ್ಕದಿಂದ ಕಂಡಂತಿದ್ದರೂ ಕೊಂಬುಗಳು ಎರಡೂ ಪೂರ್ತಿ ತೆರೆದು ಕಾಣುತ್ತವೆ. ಒಂದೇ ಜಾಗದಲ್ಲಿ ನಿಂತ ಕಣ್ಣಿಗೆ ದನ ಹೀಗೆ ಕಾಣುವುದಿಲ್ಲ. ಅದನ್ನು ದಿನವೂ ಕಾಯ್ದವನಿಗೆ, ಪಕ್ಕದಿಂದಲೂ ಎದುರಿನಿಂದಲೂ ನೋಡಿದವನಿಗೆ, ದನ ಹೀಗಿರುತ್ತದೆ. ಜಜ್ಜಿ ಬಿಡಿಸುವಾಗ ವಿವರಕ್ಕೆ ಜಾಗವಿಲ್ಲ; ಕಣ್ಣು, ಗೊರಸು, ರೋಮ ಯಾವುದೂ ಬರುವುದಿಲ್ಲ. ಏನನ್ನು ಬಿಟ್ಟರೂ ದನ ದನವಾಗಿಯೇ ಉಳಿಯುತ್ತದೆ, ಏನನ್ನು ಬಿಟ್ಟರೆ ಅದು ಬೇರೆ ಪ್ರಾಣಿಯಾಗಿಬಿಡುತ್ತದೆ ಎಂದು ಬಿಡಿಸುವವನು ನಿರ್ಧರಿಸಬೇಕಾಯಿತು. ಅವನು ಉಳಿಸಿಕೊಂಡದ್ದು ಕೊಂಬು ಮತ್ತು ಡುಬ್ಬ. ಒಂದು ವಸ್ತುವಿನ ಸಾರ ಯಾವುದು ಎಂಬುದು ತತ್ವಶಾಸ್ತ್ರದ ಪ್ರಶ್ನೆ. ಅದಕ್ಕೆ ಇಲ್ಲಿ ಉತ್ತರ ಸಿಕ್ಕಿದ್ದು ಕೈಯಲ್ಲಿ ಕಲ್ಲು ಹಿಡಿದವರಿಂದ.

ಕೆಲವು ಚಿತ್ರಗಳು ಸುಲಭವಾಗಿ ಕೈಗೆಟುಕದ ಜಾಗದಲ್ಲಿವೆ. ಬಂಡೆಯ ಅಂಚಿಗೆ ತೆವಳಿ, ಮೈ ಬಾಗಿಸಿ, ಒಮ್ಮೊಮ್ಮೆ ಜೋತುಬಿದ್ದು ಕುಟ್ಟಿರಬೇಕು. ನೋಡುವವರಿಗೆಂದೇ ಬಿಡಿಸಿದ್ದಾದರೆ ಕೆಳಗೆ ಬೇಕಾದಷ್ಟು ಸಮತಟ್ಟಾದ ಬಂಡೆಗಳಿದ್ದವು. ಚಿತ್ರದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಹೋಗಿ ಕುಟ್ಟುವ ಕ್ರಿಯೆಗೆ ಬೆಲೆ ಇತ್ತು ಎಂದು ಊಹಿಸಲು ಇದು ಕಾರಣ. ಈ ಚಿತ್ರಗಳ ಬಗ್ಗೆ 1892ರಷ್ಟು ಹಿಂದೆಯೇ ಮದ್ರಾಸ್ ಪ್ರಾಂತದ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ ಬರೆದಿದ್ದರು. ಆಮೇಲೆ ಬಹುಕಾಲ ಅವು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. 2004ರಲ್ಲಿ ಬೊಯ್ವಿನ್ ಪ್ರಕಟಿಸಿದ ಲೇಖನ ಅವುಗಳನ್ನು ಮತ್ತೆ ಬೆಳಕಿಗೆ ತಂದಿತು, ಜೊತೆಗೆ ಇನ್ನೊಂದು ಸಂಗತಿಯನ್ನೂ.

ಆ ಸಂಗತಿ ನಾದ. ಚಿತ್ರಗಳ ನಡುವೆಯೇ ಕೆಲವು ಡೋಲರೈಟ್ ಬಂಡೆಗಳ ಮೇಲೆ ಬೇರೆ ಥರದ ಗುಳಿಗಳಿವೆ. ಅವು ಯಾವ ಆಕಾರವನ್ನೂ ಮೂಡಿಸುವುದಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಡಿದು ಆದ ಸವೆತ ಅದು. ಅಲ್ಲಿ ಗ್ರಾನೈಟ್ ಕಲ್ಲಿನಿಂದ ಬಡಿದರೆ ಬಂಡೆ ಜಾಗಟೆಯಂತೆ ಆಳವಾದ ದನಿ ಕೊಡುತ್ತದೆ. ಎಲ್ಲ ಬಂಡೆಗಳೂ ಕೊಡುವುದಿಲ್ಲ. ಕಲ್ಲು ಬಿಗಿಯಾಗಿರಬೇಕು, ಒಳಗೆ ಸೀಳಿರಬಾರದು. ಬಂಡೆ ನೆಲಕ್ಕೆ ಹೂತುಕೊಂಡಿರದೆ ಒಂದೆರಡು ಕಡೆ ಮಾತ್ರ ಊರಿಕೊಂಡು, ಉಳಿದ ಮೈ ಕಂಪಿಸಲು ಬಿಡುವಾಗಿರಬೇಕು. ಬಡಿಯುವ ಜಾಗ ಬದಲಾದರೆ ಸ್ವರವೂ ಬದಲಾಗುತ್ತದೆ. ಯಾವ ಬಂಡೆ, ಯಾವ ಜಾಗ ಎಂದು ಯಾರೋ ಒಂದೊಂದನ್ನೂ ತಟ್ಟಿ ನೋಡಿ ಆರಿಸಿದ್ದಾರೆ. ಸವೆದ ಗುಳಿಗಳೇ ಅದಕ್ಕೆ ಸಾಕ್ಷಿ.

ಕೊಡಲಿಗೆ ಕಲ್ಲು ಆರಿಸುವಾಗ ತಟ್ಟಿ ಕೇಳಿದ ಕಿವಿಯೇ ಇಲ್ಲಿಗೆ ಬಂದು ತಲುಪಿದೆ ಎಂಬುದು ನನ್ನ ನಂಬಿಕೆ. ಕಲ್ಲಿನ ಗಟ್ಟಿತನ ತಿಳಿಯಲು ಕೇಳಿದ ದನಿಯನ್ನು, ಒಂದು ದಿನ ಯಾರೋ ಆ ದನಿಗಾಗಿಯೇ ಕೇಳಿದರು. ಈ ಅರಿವು ನಮ್ಮ ನೆಲದಲ್ಲಿ ಕಳೆದುಹೋಗಿಲ್ಲ. ನಮ್ಮ ಶಿಲ್ಪಶಾಸ್ತ್ರಗಳು ಮೂರ್ತಿಗೆ ಕಲ್ಲು ಆರಿಸುವಾಗ ತಟ್ಟಿ ದನಿ ಕೇಳಬೇಕೆನ್ನುತ್ತವೆ. ಗಂಟೆಯ ನಾದದ್ದು ಪುಂಶಿಲೆ, ಕಂಚಿನ ತಾಳದ ದನಿಯದು ಸ್ತ್ರೀಶಿಲೆ, ದನಿಯೇ ಇಲ್ಲದ್ದು ನಪುಂಸಕಶಿಲೆ ಎಂದು ವಿಂಗಡಿಸಿ, ಯಾವುದು ಎಲ್ಲಿಗೆ ಸಲ್ಲುತ್ತದೆ ಎಂದು ಹೇಳುತ್ತವೆ. ಹಿರೇಗುಡ್ಡಕ್ಕೆ ಬಹಳ ದೂರವೇನೂ ಇಲ್ಲದ ಹಂಪಿಯ ವಿಜಯವಿಠ್ಠಲ ಗುಡಿಯ ಕಂಬಗಳಲ್ಲಿ ಸ್ವರ ಹೊರಡಿಸಿದ ಶಿಲ್ಪಿಗಳಿಗೂ ಹಿರೇಗುಡ್ಡದವರಿಗೂ ನೇರ ನಂಟು ಕಟ್ಟಲು ಆಗುವುದಿಲ್ಲ. ನಡುವೆ ಸುಮಾರು ಮೂರು ಸಾವಿರ ವರ್ಷಗಳಿವೆ. ಕಲ್ಲಿಗೆ ಕಿವಿಗೊಡುವ ಅಭ್ಯಾಸ ಮಾತ್ರ ಎರಡೂ ಕಡೆ ಇದೆ.

ಹಿರೇಗುಡ್ಡದ ಒಂದಷ್ಟು ಭಾಗ ಈಗಾಗಲೇ ಜಲ್ಲಿಗೆ, ಕಟ್ಟಡದ ಕಲ್ಲಿಗೆ ಹೋಗಿದೆ. ಸಿಡಿಮದ್ದಿನಿಂದ ಕಲ್ಲು ಒಡೆಯುವ ಕಡೆ ಹಾನಿ ಒಡೆದ ಬಂಡೆಗೆ ಮುಗಿಯುವುದಿಲ್ಲ. ನಾದದ ಬಂಡೆ ಬಿರುಕು ಬಿಟ್ಟರೆ, ಜರುಗಿ ನೆಲಕ್ಕೆ ಕೂತರೆ, ಅದರ ದನಿ ಹೋದಂತೆಯೇ. ಚಿತ್ರದ ಫೋಟೋ ತೆಗೆದಿಡಬಹುದು, ಕೊಡಲಿಯನ್ನು ಮ್ಯೂಸಿಯಂಗೆ ಒಯ್ಯಬಹುದು, ನಾದವನ್ನೂ ರೆಕಾರ್ಡ್ ಮಾಡಬಹುದು. ಯಾವ ಕಲ್ಲಿನಿಂದ ಯಾವುದಾಯಿತು, ಚಕ್ಕೆಗಳ ರಾಶಿಯಿಂದ ಚಿತ್ರದ ಬಂಡೆ ಎಷ್ಟು ದೂರ, ಮಸೆಯುವ ತಗ್ಗಿನ ಬಳಿ ಕೂತವರಿಗೆ ಬಂಡೆಯ ದನಿ ಕೇಳುತ್ತಿತ್ತೇ ಎಂಬಂಥ ಪ್ರಶ್ನೆಗಳಿಗೆ ಗುಡ್ಡ ಇದ್ದ ಹಾಗೇ ಇದ್ದರೆ ಮಾತ್ರ ಉತ್ತರ.

ನೋಡಬಯಸುವವರು ಮೊದಲು ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಮ್ಯೂಸಿಯಂಗೆ ಹೋಗುವುದು ಒಳ್ಳೆಯದು. ಕೊಡಲಿಗಳನ್ನು ಅಲ್ಲಿ ಹತ್ತಿರದಿಂದ ನೋಡಿ, ನಯವಾದ ಮೈಯಲ್ಲಿ ಎಲ್ಲಾದರೂ ಅಳಿಯದೆ ಉಳಿದ ಚಕ್ಕೆಯ ಗುಳಿ ಇದೆಯೇ ಎಂದು ಹುಡುಕಿದರೆ ಕಣ್ಣು ಪಳಗುತ್ತದೆ. ಆಮೇಲೆ ತಿಳಿದವರ ಜೊತೆ ಗುಡ್ಡಕ್ಕೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಬೇಕು. ನಡುಹಗಲಲ್ಲಿ ಕುಟ್ಟಿದ ಚಿತ್ರಗಳು ಬಂಡೆಯಲ್ಲಿ ಬೆರೆತುಹೋಗುತ್ತವೆ. ಸ್ಪಷ್ಟವಾಗಿ ಕಾಣಲೆಂದು ಗೆರೆಗಳಿಗೆ ಸೀಮೆಸುಣ್ಣ ಹಚ್ಚಬಾರದು, ನಾದದ ಬಂಡೆಗಳನ್ನು ಕಬ್ಬಿಣದಿಂದ ಬಡಿಯಬಾರದು. ಕಾಲಡಿ ಸಿಗುವ ಕಪ್ಪು ಚಕ್ಕೆಯನ್ನು ಎತ್ತಿ, ಉಬ್ಬು ಎಲ್ಲಿದೆ, ಅಲೆಗೆರೆ ಯಾವ ಕಡೆ ಹರಡಿದೆ ಎಂದು ನೋಡಿ, ಇದ್ದ ಜಾಗದಲ್ಲೇ ಇಡಬೇಕು. ಅದನ್ನು ಹಾರಿಸಿದವನು ಎಲ್ಲಿ ಕೂತಿದ್ದ ಎಂಬುದನ್ನು ಲೆಕ್ಕ ಹಾಕುವವರಿಗೆ ಆ ಜಾಗವೂ ಬೇಕು.